ಮನೆಯ ಮಗ್ಗುಲಿನ ರಾಜಧಾನಿ

ಯೂರೋಪ್ ಖಂಡದಲ್ಲಿ ಲಕ್ಸೆಂಬರ್ಗ್ ಎಂಬ ಪುಟ್ಟ ರಾಜಧಾನಿಯಿರುವುದು. ಬಂಡೆಯ ಮೇಲಿನ ಊರು. ಕೆಳಗೆ ಕಣಿವೆ, ಹೊಳೆ. ಒಂದು ಕಾಲಕ್ಕೆ ಅಭೇದ್ಯವೆನಿಸಿದ್ದ ಕೋಟೆ. 1867ರ ಲಂಡನ್ ಒಪ್ಪಂದದಂತೆ ಆ ಕೋಟೆಯನ್ನು ಕೆಡವಿದರು. ಆದರೂ ಉಳಿದ ಗೋಡೆಗಳನ್ನು ನೋಡಲು ದೇಶದೇಶಗಳಿಂದ ಜನರು ಬರುವರು. ಇದು ಸಹಜವೇ. ಮಹಾನಗರದಲ್ಲಿ ಕಣ್ಣು ದಣಿಯುವುದೇ ಹೊರತು ಮನಸ್ಸಿನಲ್ಲಿ ಒಂದು ಚಿತ್ರವೂ ನಿಲ್ಲದು. ಪುಟ್ಟ ರಾಜಧಾನಿಯಲ್ಲಾದರೋ ಒಂದು ರಾಜ್ಯದ ಹುಟ್ಟು, ಏಳಿಗೆ, ಪತನಗಳನ್ನು ಕಾಲ್ನಡಿಗೆಯಿಂದಲೇ ಕಂಡುಬರಬಹುದು. ಅಂತಹ ಊರೊಂದು ನಮ್ಮ ಮಂಡ್ಯದ ಸೀಮೆಯಲ್ಲಿಯೇ ಇರುವುದು. ಅದೇ ಶ್ರೀರಂಗಪಟ್ಟಣ.

ಮದ್ದೂರು ತಾಲ್ಲೂಕಿನ ಕೊಪ್ಪ ನನ್ನ ಊರು. ದಸರೆಗೆಂದು, ಮದುವೆಯ ಜವಳಿಗೆಂದು ಶ್ರೀರಂಗಪಟ್ಟಣವನ್ನು ದಾಟಿ ಮೈಸೂರಿಗೆ ಎಷ್ಟು ಸಲ ಹೋಗಿರುವೆನೋ ಲೆಕ್ಕವಿಲ್ಲ. ಇಳಿದರೆ ರಂಗನಾಥನ ದರ್ಶನ, ಬಳಿಕ ಮುಂದಿನ ಪಯಣ. ಹೋದ ವರ್ಷ ನಮ್ಮ ತಾಯಿಯವರ ಅಸ್ಥಿಯನ್ನು ಸಂಗಮದಲ್ಲಿ ಬಿಟ್ಟು ಹಿಂದಿರುಗುತ್ತಿದ್ದಾಗ, ಎಂಟು ವರ್ಷದ ಮೊಮ್ಮಗಳು, "ತಾತ, ಇಲ್ಲಿ ರಾಜರಿದ್ದರಂತಲ್ಲ, ಅವರ ಮನೆ ಎಲ್ಲಿ?" ಎಂದಳು. "ಇಲ್ಲೇ ಎಲ್ಲೋ ಇತ್ತವ್ವಾ" ಎಂದು ಜಾರಿಕೊಂಡೆ. ನಮ್ಮ ತಾಯಿಯವರಿದ್ದಿದ್ದರೆ ಒಂದು ಕಥೆಯನ್ನಾದರೂ ಹೇಳುತ್ತಿದ್ದರು. ಹೇಳಬಲ್ಲವರು ಹೋದ ಮೇಲೆ ಹೇಳಬೇಕಾದವನು ನಾನೇ ಎಂಬುದು ಆಗ ಮನಸ್ಸಿಗೆ ತಟ್ಟಿತು. ಆದುದರಿಂದ ಮಾರ್ಗಶಿರ ಮಾಸದ ಒಂದು ಮುಂಜಾನೆ ಬುತ್ತಿ ಕಟ್ಟಿಕೊಂಡು, ಆ ಮಗುವಿನೊಡನೆ ಮಂಡ್ಯಕ್ಕೆ ಹೋಗಿ ರೈಲು ಹತ್ತಿದೆನು.

ಕಾವೇರಿಯು ಎರಡಾಗಿ ಒಡೆದು ಮತ್ತೆ ಕೂಡುವ ನಡುವೆ, ಸುಮಾರು ಮೂರು ಮೈಲಿ ಉದ್ದ, ಒಂದು ಮೈಲಿ ಅಗಲದ ದ್ವೀಪ. ಪಡುವಣ ತುದಿಯಲ್ಲಿ ಕೋಟೆ, ಮೂಡಣ ತುದಿಯಲ್ಲಿ ಗಂಜಾಂ, ಗುಂಬಜ್, ಸಂಗಮ. ರೈಲುಹಾದಿಯು ಕೋಟೆಯೊಳಗೇ ಹಾಯುವುದು. ಜೋಡಿಹಾದಿಗೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದನ್ನು ಒಡೆಯದೆ, ಇಡಿಯಾಗಿ ಎತ್ತಿ 2017ರಲ್ಲಿ ಬೇರೆಡೆಗೆ ಸಾಗಿಸಿದರು. ಹಳೆಯದನ್ನು ಉಳಿಸಿಕೊಳ್ಳುವ ಮನಸ್ಸಿದ್ದರೆ ಮಾರ್ಗವೂ ಉಂಟೆಂಬುದಕ್ಕೆ ಇದೇ ಸಾಕ್ಷಿ.

ಮೊದಲು ಆದಿರಂಗನ ಸನ್ನಿಧಿಗೆ ಹೋದೆವು. ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಈ ಕೋಟೆಯನ್ನು 1610ರಲ್ಲಿ ವಶಪಡಿಸಿಕೊಂಡರು. ಮೈಸೂರಿನ ದಸರೆಯು ಆರಂಭವಾದುದು ಅದೇ ವರ್ಷ, ಇದೇ ಊರಿನಲ್ಲಿ. ಮುಂದೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಇದು ಕನ್ನಡದ ಮನೆಯೂ ಆಯಿತು. ಹರ್ಷನ ಸಂಸ್ಕೃತ 'ರತ್ನಾವಳಿ'ಯನ್ನು ಅನುಸರಿಸಿ ಸಿಂಗರಾರ್ಯನು 'ಮಿತ್ರವಿಂದಾ ಗೋವಿಂದ'ವನ್ನು ಬರೆದನು. ನಮಗೆ ದೊರೆತಿರುವ ಕನ್ನಡ ನಾಟಕಗಳಲ್ಲಿ ಅದೇ ಮೊದಲನೆಯದು. ಗೃಹಿಣಿಯರು ನೆನೆಯಬೇಕಾದ ಹೆಸರು ಇನ್ನೊಂದುಂಟು. ರಾಣಿಯ ಎಲೆಯಡಿಕೆಯ ಸಂಚಿಯನ್ನು ಹೊತ್ತು ಊಳಿಗ ಮಾಡುತ್ತಿದ್ದ, ಯಳಂದೂರಿನ ಹೊನ್ನಮ್ಮನು ಇಲ್ಲಿಯ ಅರಮನೆಯಲ್ಲಿದ್ದುಕೊಂಡು 'ಹದಿಬದೆಯ ಧರ್ಮ'ವನ್ನು ಸಾಂಗತ್ಯದಲ್ಲಿ ರಚಿಸಿದಳು. ಹೆಣ್ಣೆಂದು ಹೀಗಳೆಯುವವರನ್ನು ಆ ಗ್ರಂಥದಲ್ಲಿ ಆಕೆ ನೇರವಾಗಿ ಪ್ರಶ್ನಿಸಿರುವಳು.

ದೇವಾಲಯದ ಸಮೀಪದಲ್ಲಿಯೇ ಮೊಮ್ಮಗಳ ಪ್ರಶ್ನೆಗೆ ಉತ್ತರವಿದ್ದಿತು. ಟಿಪ್ಪು ಸುಲ್ತಾನನು ವಾಸವಾಗಿದ್ದ ಲಾಲ್ ಮಹಲಿನಲ್ಲಿ ಇಂದು ಕಾಣುವುದು ತಳಪಾಯದ ಕಲ್ಲುಗಳು ಮಾತ್ರ. ಅದನ್ನು ಇಂಗ್ಲಿಷರು ಕೆಡವಿಸಿದರು. ಅದರ ತೊಲೆಗಳು ಉದಕಮಂಡಲದ ಸೇಂಟ್ ಸ್ಟೀಫನ್ ಚರ್ಚಿನ ಮಾಡನ್ನು ಹೊತ್ತಿವೆ. ಹುಡುಗಿಯು ಬಹಳ ಹೊತ್ತು ಆ ಕಲ್ಲುಗಳ ಮೇಲೆ ನಡೆದಾಡಿ, "ಇದು ಅಡಿಗೆಮನೆಯಿರಬಹುದೇ ತಾತ?" ಎಂದು ಕೇಳಿದಳು.

ಅಲ್ಲಿಂದ ಕೋಟೆಯ ವಾಯವ್ಯ ಮೂಲೆಗೆ ಬಂದೆವು. ಈ ರಾಜಧಾನಿಗೆ ಕಾವೇರಿಯೇ ಕಂದಕ. ಮುಂಗಾರಿನ ಪ್ರವಾಹ ಬಂದಿತೆಂದರೆ ಹಗೆಯು ದಾಟಲಾರನು. ಇದನ್ನರಿತ ಇಂಗ್ಲಿಷರು ಹೊಳೆಯು ಬತ್ತಿದ್ದಾಗಲೇ ಅವಸರಪಟ್ಟರು. 1799ರ ಮೇ 4ರ ಮಧ್ಯಾಹ್ನ, ಫಿರಂಗಿಯಿಂದ ಒಡೆದ ಗೋಡೆಯ ಕಡೆಗೆ ಬಂಡೆಗಳ ನಡುವೆ ನೀರನ್ನು ಹಾಯ್ದು ನುಗ್ಗಿದರು. ಅವರ ಮುಂದಾಳು ಬೇರ್ಡ್ ಎಂಬವನು ಹಿಂದೆ ಇದೇ ಊರಿನಲ್ಲಿ ಮೂರು ವರ್ಷಕ್ಕೂ ಮಿಗಿಲಾಗಿ ಸೆರೆಯಲ್ಲಿದ್ದವನು! ಸಂಜೆಯೊಳಗೆ ಕೋಟೆಯು ಬಿದ್ದಿತು. ಸುಲ್ತಾನನು ಹೋರಾಡುತ್ತಲೇ ಮಡಿದನು. ರಾಜಧಾನಿಯು ಮೈಸೂರಿಗೆ ಹೋಯಿತು. ಸುಲ್ತಾನನ ದೇಹವು ದೊರೆತ ಎಡೆಯಲ್ಲಿ ಒಂದು ಕಲ್ಲನ್ನು ನೆಟ್ಟಿರುವರು. ಹೊಳೆಯ ನೀರನ್ನು ನಂಬಿ ಬೆಳೆಯಿಡುವ ನಮ್ಮ ಸೀಮೆಯವರಿಗೆ, ಮಳೆಯು ಕೆಲವು ವಾರ ಮುಂಚೆ ಬಂದಿದ್ದರೆ ಏನಾಗುತ್ತಿತ್ತೆಂಬ ಯೋಚನೆಯು ಅಲ್ಲಿ ಬಾರದಿರದು.

ಮಧ್ಯಾಹ್ನ ಬುತ್ತಿಯುಂಡು, ಟಿಪ್ಪುವು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ತನ್ನು ನೋಡಿದೆವು. ತೇಗದ ಮರದ ಕಂಬಗಳು. ಪಡುವಣ ಗೋಡೆಯ ತುಂಬ 1780ರ ಪೊಳಿಲೂರು ಯುದ್ಧದ ಚಿತ್ರ. ಆನೆ, ಕುದುರೆ, ಪಲ್ಲಕ್ಕಿಗಳನ್ನು ಎಣಿಸುವುದರಲ್ಲಿ ಮಕ್ಕಳು ಹಸಿವನ್ನೂ ಮರೆಯುವರು. ಬಳಿಕ ಹೈದರನೂ ಟಿಪ್ಪುವೂ ಮಲಗಿರುವ ಗುಂಬಜ್. ಹಿಂದಿರುಗುವಾಗ ಪೂರ್ಣಯ್ಯನವರು 1804ರಲ್ಲಿ ಮುಗಿಸಿದ ವೆಲ್ಲೆಸ್ಲಿ ಸೇತುವೆಯನ್ನೂ ಕಂಡೆವು. ಸೋತ ಸುಲ್ತಾನನ ಮಂತ್ರಿಯಾಗಿದ್ದವರೇ ಹೊಸ ಅರಸರ ದಿವಾನರಾಗಿ, ಗೆದ್ದವನ ಹೆಸರಿನಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಯದು. ರಾಜ್ಯಗಳು ಹೋದರೂ ಹೊಳೆಯನ್ನು ದಾಟುವ ಕೆಲಸವು ನಿಲ್ಲದಷ್ಟೆ.

ಕಾರ್ತಿಕದಿಂದ ಮಾಘದವರೆಗೆ ಹೋಗುವುದು ಒಳ್ಳೆಯದು. ಮಾಘದ ರಥಸಪ್ತಮಿಗೆ ರಂಗನಾಥನ ತೇರೂ ಉಂಟು. ಬಿಸಿಲೇರುವ ಮೊದಲು ಕೋಟೆಯನ್ನು ಸುತ್ತಿರಿ. ಸಂಗಮದಲ್ಲಿ ಮಕ್ಕಳ ಕೈಯನ್ನು ಬಿಡಬೇಡಿರಿ. ಹಳೆಯ ಗೋಡೆಗಳ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ಮೆಲ್ಲಗಾದರೂ ಬುದ್ಧಿ ಹೇಳಿರಿ.

ಕತ್ತಲಾದ ಮೇಲೆ ಕೊಪ್ಪವನ್ನು ಸೇರಿದೆವು. ನಾನು ಜಗುಲಿಯ ಬಳಿ ಚಪ್ಪಲಿ ಬಿಡುತ್ತಿರುವಷ್ಟರಲ್ಲಿ ಮೊಮ್ಮಗಳು ಒಳಗೆ ಓಡಿ, "ಅವ್ವಾ, ರಾಜರ ಮನೆ ಎಲ್ಲಿತ್ತು ಗೊತ್ತೇ?" ಎಂದು ಆರಂಭಿಸಿದ್ದಳು. ನಾನು ಹೊರಗೇ ಕುಳಿತು ಕೇಳಿದೆನು. ಅಡಿಗೆಮನೆಯ ಸಂಗತಿಯೊಂದನ್ನು ಬಿಟ್ಟರೆ ಉಳಿದುದೆಲ್ಲವೂ ಸರಿಯಾಗಿತ್ತು.