ಕಣ್ಣಿನ ಕಾವಲು

ಕಣ್ಣು ಕೆಟ್ಟ ಮೇಲೆ ಸೂರ್ಯನಮಸ್ಕಾರವೆಂಬ ಗಾದೆಯನ್ನು ಅರಿಯದವರಿಲ್ಲ. ಅದರ ವಾಚ್ಯಾರ್ಥವನ್ನು ಮನಸ್ಸಿಗೆ ತಂದುಕೊಳ್ಳುವವರು ಮಾತ್ರ ವಿರಳ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಲ್ಲಿ ಎಷ್ಟೋ ವೃದ್ಧರು, ಕಣ್ಣು ಮಂಜಾದೊಡನೆ ‘ವಯಸ್ಸಾಯಿತು’ ಎಂದು ಕಟ್ಟೆಯನ್ನು ಹಿಡಿದು ಕುಳಿತುಬಿಡುವರು.

ಅಂಥವರಿದ್ದೆಡೆಗೇ ಚಿಕಿತ್ಸೆಯನ್ನು ಕೊಂಡೊಯ್ದವರು ಡಾ. ಎಂ. ಸಿ. ಮೋದಿಯವರು. ೧೯೧೬ರಲ್ಲಿ, ಅಂದು ಬಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿಯಲ್ಲಿ ಜನಿಸಿದ ಆ ಮಹನೀಯರು ಊರೂರುಗಳಲ್ಲಿ ನೇತ್ರಶಿಬಿರಗಳನ್ನು ನಡೆಸಿ, ಲಕ್ಷಗಟ್ಟಲೆ ಶಸ್ತ್ರಕ್ರಿಯೆಗಳನ್ನು ಮಾಡಿದರು. ೧೯೫೬ರಲ್ಲಿ ಪದ್ಮಶ್ರೀಯೂ ೧೯೬೮ರಲ್ಲಿ ಪದ್ಮಭೂಷಣವೂ ಅವರಿಗೆ ಸಂದವು. ೨೦೦೫ರಲ್ಲಿ ಅವರು ದಿವಂಗತರಾದರು.

ಆದರೆ ಶಸ್ತ್ರವೈದ್ಯನ ಕೌಶಲಕ್ಕೂ ಒಂದು ಎಲ್ಲೆಯುಂಟು. ಮೋತಿಬಿಂದುವಿನಲ್ಲಿ ಮಬ್ಬಾಗುವುದು ಕಣ್ಣೊಳಗಿನ ಮಸೂರ. ಅದನ್ನು ತೆಗೆದು ಬೇರೊಂದನ್ನಿಟ್ಟರೆ ಬೆಳಕು ಮರಳಿ ಒಳಹೋಗುವುದು. ಗ್ಲಾಕೋಮಾ ಎಂಬ ವ್ಯಾಧಿಯ ಬಗೆ ಹಾಗಲ್ಲ. ಅದು ದೃಷ್ಟಿಯ ನರವನ್ನೇ ಕೆಡಿಸುವುದು. ಬಹುಮಟ್ಟಿಗೆ ನೋವಿಲ್ಲ, ಕೆಂಪಿಲ್ಲ. ನೋಟದ ಅಂಚುಗಳು ಮೆಲ್ಲಮೆಲ್ಲನೆ ಸವೆಯುವುವು. ಹೋದ ದೃಷ್ಟಿಯನ್ನು ಯಾರೂ ತಂದುಕೊಡಲಾರರು. ಉಳಿದುದನ್ನು ಕಾಯಬಹುದು, ಅಷ್ಟೆ. ಮಧುಮೇಹವೂ ಹೀಗೆಯೇ ಸದ್ದಿಲ್ಲದೆ ಕಣ್ಣಿನ ಹಿಂಬದಿಯ ಪಟಲವನ್ನು ಹಾಳುಗೆಡವುವುದು. ಇವುಗಳನ್ನು ಕಾಲದಲ್ಲಿ ಕಂಡುಹಿಡಿಯಲು ಪರೀಕ್ಷೆಯೊಂದೇ ದಾರಿ.

ಮಕ್ಕಳ ಪಾಡು ಇನ್ನೂ ಕರುಣಾಜನಕ. ದೂರದ ನೋಟ ಮಂದವಾದ ಬಾಲಕನು ಲೋಕವೇ ಹೀಗಿದೆಯೆಂದು ನಂಬಿರುವನು. ಹಲಗೆಯ ಮೇಲಿನ ಅಕ್ಷರ ಕಾಣದೆ ತಪ್ಪೋದಿದರೆ ಅವನಿಗೆ ದಡ್ಡನೆಂಬ ಬಿರುದು, ಜೊತೆಗೆ ಬೆತ್ತದ ಪೆಟ್ಟು. ಬುದ್ಧಿಯನ್ನು ತಿದ್ದುವೆವೆಂದು ಭ್ರಮಿಸಿ ಕಣ್ಣಿನ ದೋಷಕ್ಕೆ ಮಗುವನ್ನು ದಂಡಿಸಿದ ಪಂತೋಜಿಗಳೆಷ್ಟು ಮಂದಿಯೋ! ದೃಷ್ಟಿಪರೀಕ್ಷಕನು ೨೦ ಅಡಿ ದೂರದಲ್ಲಿ ಅಕ್ಷರಪಟವನ್ನಿಟ್ಟು, ಒಂದೊಂದೇ ಕಣ್ಣನ್ನು ಮುಚ್ಚಿಸಿ ಓದಿಸಿದರೆ ನಿಜವು ಹೊರಬೀಳುವುದು. ಒಂದು ಕಣ್ಣಿನ ಕುಂದನ್ನು ಇನ್ನೊಂದು ಮರೆಮಾಡುವುದರಿಂದಲೇ ಈ ಕ್ರಮ. ಎಳವೆಯಲ್ಲಿ ತಿದ್ದದ ಮಂದಗಣ್ಣನ್ನು ಮುಂದೆ ತಿದ್ದುವುದು ಕಷ್ಟ.

ಆದುದರಿಂದ ಶಾಲೆಗೆ ಸೇರುವ ಮುನ್ನ ಮಗುವಿಗೆ ಒಮ್ಮೆ ದೃಷ್ಟಿಪರೀಕ್ಷೆಯಾಗಲಿ. ೪೦ ದಾಟಿದವರು ಸಂತೆಯಲ್ಲಿ ಸಿಕ್ಕ ಚಾಳೀಸನ್ನು ಮೂಗಿಗೇರಿಸಿ ಸುಮ್ಮನಾಗದೆ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕಣ್ಣು ತೋರಿಸಲಿ. ಮಧುಮೇಹಿಗಳು ವರ್ಷವರ್ಷವೂ ತಪ್ಪದಿರಲಿ.

ಎತ್ತನ್ನು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲೆಣಿಸುವ ನಾಡು ನಮ್ಮದು. ಆ ಎಚ್ಚರದಲ್ಲಿ ಒಂದು ಪಾಲು ಮನೆಯವರ ಕಣ್ಣುಗಳಿಗೂ ಸಲ್ಲಬೇಡವೆ?