ತೊಡೆಯ ಮೇಲಿನ ಕಾಡು

ಬಯಲಲ್ಲಿ ಕೂತು ಬಣ್ಣ ಹಚ್ಚುವ ಸುಖಕ್ಕೆ ಸಣ್ಣ ಹಲಗೆಯೇ ತಕ್ಕದ್ದು ಎಂಬುದು ನನ್ನ ವಾದ. ಇದಕ್ಕೆ ನಾನು ಕರೆಯುವ ಸಾಕ್ಷಿ ಕೆನಡಾದ ಟಾಮ್ ಥಾಮ್ಸನ್. 1877ರಲ್ಲಿ ಹುಟ್ಟಿದ ಈತ ಟೊರಾಂಟೊದ ಗ್ರಿಪ್ ಎಂಬ ಕಂಪನಿಯಲ್ಲಿ ಜಾಹೀರಾತಿನ ವಿನ್ಯಾಸ ಮಾಡಿಕೊಂಡಿದ್ದವನು. ಒಂಟಾರಿಯೊದ ಅಲ್ಗಾಂಕ್ವಿನ್ ಪಾರ್ಕಿಗೆ ಮೊದಲು ಹೋದದ್ದು 1912ರಲ್ಲಿ. 1917ರ ಜುಲೈನಲ್ಲಿ ಅಲ್ಲಿಯದೇ ಕನೂ ಲೇಕ್‌ನಲ್ಲಿ ಅವನ ಹೆಣ ತೇಲಿತು. ಬಾಳಿನ ಆ ಕೊನೆಯ ಐದಾರು ವರ್ಷಗಳಲ್ಲೇ ಅವನ ಸುಮಾರು 400 ಪುಟ್ಟ ತೈಲಚಿತ್ರಗಳಲ್ಲಿ ಬಹುಪಾಲು ಹುಟ್ಟಿದವು. ಮಂಜುಗಡ್ಡೆ ಒಡೆಯುವ ಹೊತ್ತಿಗೆ ಕಾಡು ಸೇರುವುದು, ಚಳಿಗಾಲಕ್ಕೆ ಊರಿಗೆ ಮರಳುವುದು, ನಡುವೆ ಹೊಟ್ಟೆಪಾಡಿಗೆ ಮೀನು ಹಿಡಿಯಲು ಬಂದವರಿಗೆ ದಾರಿ ತೋರುವುದು, ಕಾಳ್ಗಿಚ್ಚಿನ ಕಾವಲು ಕಾಯುವುದು: ಇಷ್ಟೇ ಅವನ ದಿನಚರಿ.

ಅವನ ಹಲಗೆಗಳಲ್ಲಿ ಹೆಚ್ಚಿನವು ಸುಮಾರು 21 ಸೆಂ.ಮೀ. ಎತ್ತರ, 27 ಸೆಂ.ಮೀ. ಅಗಲ, ಬಣ್ಣದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುವ ಅಳತೆ. ಉತ್ತರದ ಕಾಡು ಚಿತ್ರಕಾರನಿಗೆ ಪುರುಸೊತ್ತು ಕೊಡುವುದಿಲ್ಲ. ಮೇಪಲ್ ಎಲೆ ಕೆಂಪಾಗಿರುವುದು ಕೆಲವೇ ದಿನ, ಸಂಜೆಯ ಕೇಸರಿ ಕೆಲವೇ ನಿಮಿಷ, ಬೆರಳು ಮರಗಟ್ಟಿಸುವ ಚಳಿ ಬೇರೆ. ಕಾವಲಿಯ ಕಾವು ಇಳಿಯುವ ಮೊದಲೇ ರೊಟ್ಟಿ ತಟ್ಟಿ ಮುಗಿಸಬೇಕಾದವರ ಅವಸರ ಅದು. ಹಾಗಾಗಿ ಎಲೆ ಎಣಿಸುವ ಚಟ ತಾನಾಗಿ ಬಿಟ್ಟುಹೋಗುತ್ತದೆ. ಗುಡ್ಡಕ್ಕೊಂದು ನೀಲಿ, ನೀರಿಗೆ ನಾಲ್ಕು ಅಡ್ಡಗೀಟು. ಕುಂಚದ ಗುರುತುಗಳ ನಡುವೆ ಬರಿಯ ಮರ ಇಣುಕುವುದನ್ನೂ ಅವನು ಮುಚ್ಚಲಿಲ್ಲ. ಏನು ಬಿಡಬೇಕೆಂಬ ವಿವೇಕವನ್ನು ಅವನಿಗೆ ಕಲಿಸಿದ್ದು ಹವಾಮಾನ ಮತ್ತು ಹಲಗೆಯ ಅಳತೆ.

ಅವನ ಹೆಸರು ಉಳಿದದ್ದು 'ದಿ ಜಾಕ್ ಪೈನ್', 'ದಿ ವೆಸ್ಟ್ ವಿಂಡ್' ಎಂಬ ದೊಡ್ಡ ಕ್ಯಾನ್ವಾಸುಗಳಿಂದ, ಹಲಗೆಗಳು ಬರಿಯ ತಯಾರಿ ಎನ್ನುವವರಿದ್ದಾರೆ. ಕ್ಯಾನ್ವಾಸಿನ ಗಾಂಭೀರ್ಯವನ್ನು ನಾನೂ ಒಪ್ಪುತ್ತೇನೆ. ಆದರೆ 'ಜಾಕ್ ಪೈನ್' ಟೊರಾಂಟೊದ ಚಳಿಗಾಲದಲ್ಲಿ, 1916ರ ಒಂದು ಹಲಗೆಯಿಂದ ಬೆಳೆದದ್ದು. ಅದರ ಆಕಾಶದ ಅಡ್ಡಪಟ್ಟಿಗಳಲ್ಲಿ ವಿನ್ಯಾಸಕಾರನ ಲೆಕ್ಕಾಚಾರವಿದೆ. ಹಲಗೆಗಳಲ್ಲಿ ಇರುವುದು ಆ ಗಳಿಗೆಯ ಹವೆ. ಒಂದು ಇನ್ನೊಂದರ ಕರಡಲ್ಲ. ನಿಗೂಢ ಸಾವೇ ಅವನನ್ನು ದೊಡ್ಡವನನ್ನಾಗಿಸಿತು ಎಂಬ ಮಾತೂ ಇದೆ. ಅದು ಕುತೂಹಲ ಕೆರಳಿಸಿದ್ದು ನಿಜ. ಆದರೆ ಕೆನಡಾದ ನ್ಯಾಷನಲ್ ಗ್ಯಾಲರಿ ಅವನ 'ನಾರ್ದರ್ನ್ ರಿವರ್' ಕೊಂಡದ್ದು 1915ರಲ್ಲಿ, ಅವನಿನ್ನೂ ಬದುಕಿದ್ದಾಗ. ಅವನ ಗೆಳೆಯರು 1920ರಲ್ಲಿ ಕಟ್ಟಿದ 'ಗ್ರೂಪ್ ಆಫ್ ಸೆವೆನ್' ಅವನಿಂದ ಪಡೆದದ್ದೂ ಸಾವಿನ ಕತೆಯನ್ನಲ್ಲ, ನೋಡುವ ಬಗೆಯನ್ನು. ಮನುಷ್ಯರಿಲ್ಲದ ಕನ್ಯಾರಣ್ಯದ ಭ್ರಮೆಯನ್ನು ಬರೆದ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅಲ್ಲಿ ಮೂಲನಿವಾಸಿಗಳು ಬಾಳಿದ್ದರು, ಮರ ಕಡಿಯುವವರು ತಿರುಗಾಡಿದ್ದರು. ಮೊದಲಿನವರು ಅವನ ಚಿತ್ರಗಳಲ್ಲಿ ಕಾಣುವುದಿಲ್ಲ. ಆದರೂ ಹೊಳೆಯಲ್ಲಿ ತೇಲಿಬಿಟ್ಟ ದಿಮ್ಮಿಗಳನ್ನು 'ದಿ ಡ್ರೈವ್' ಚಿತ್ರದಲ್ಲಿ ಅವನು ಮರೆಮಾಚಲಿಲ್ಲ. ಅವನ ನೋಟಕ್ಕೆ ಮಿತಿಯಿತ್ತು, ಸೋಗು ಇರಲಿಲ್ಲ. ಆದ್ದರಿಂದ ಹೊಸದಾಗಿ ಬಣ್ಣ ಕೊಳ್ಳುವವರಿಗೆ ನನ್ನ ಶಿಫಾರಸು ಇಷ್ಟೇ: ಹಲಗೆ ಸಣ್ಣದಿರಲಿ, ಹೊತ್ತು ಕಡಿಮೆಯಿರಲಿ. ನೆಪ ಹೇಳಲು ಜಾಗವಿಲ್ಲದ ಕಡೆ ಕಣ್ಣು ಬೇಗ ಪಳಗುತ್ತದೆ.