ದೂರದ ವಿದ್ಯೆಗೆ ಕಟ್ಟಿದ ಬುತ್ತಿ

ಮಗಳು ಅತ್ತೆಯ ಮನೆಗೆ ಹೊರಟು ನಿಂತಾಗ ಬುತ್ತಿ ಕಟ್ಟುವ ಕೈಗಳಿಗೆ ಕನ್ನಡನಾಡಿನಲ್ಲಿ ಎಂದೂ ಕೊರತೆಯಿರಲಿಲ್ಲ. ಅದೇ ಮಗಳು ಡಾಕ್ಟರ್ ಪದವಿಯನ್ನರಸಿ ಸಮುದ್ರವನ್ನು ದಾಟುವೆನೆಂದರೆ ಬುತ್ತಿ ಕಟ್ಟುವವರಾರು? 1947ರ ಜುಲೈ ತಿಂಗಳಲ್ಲಿ 25 ವರ್ಷ ವಯಸ್ಸಿನ ರಾಜೇಶ್ವರಿಯವರು ಒಬ್ಬರೇ ಹಡಗನ್ನೇರಿ, ಅಮೆರಿಕಾದ ಮಿಶಿಗನ್ ವಿಶ್ವವಿದ್ಯಾನಿಲಯಕ್ಕೆ ಹೊರಟರು. ಒಬ್ಬರೇ ಎಂಬುದು ಕಣ್ಣಿಗೆ ಕಂಡ ಮಾತು ಮಾತ್ರ.

ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು; ವಿಧವೆಯರ ಮತ್ತು ಪತಿಪರಿತ್ಯಕ್ತೆಯರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಮೊಮ್ಮಗಳು ಮೊದಲು ಕಲಿತದ್ದೂ ಅಜ್ಜಿ ಸ್ಥಾಪಿಸಿದ ಶಾಲೆಯಲ್ಲಿಯೇ. ಮನೆಯ ಹಿರಿಯಾಕೆಯೇ ಓದಿದವಳಾಗಿದ್ದರೆ, ‘ಹೆಣ್ಣಿಗೆ ಇಷ್ಟು ಓದೇತಕ್ಕೆ?’ ಎಂಬ ಪ್ರಶ್ನೆ ಹೊಸಿಲಿನಾಚೆಯೇ ನಿಲ್ಲುತ್ತದೆ. ಹಣದ ಸಹಾಯಕ್ಕಿಂತಲೂ ಇದು ಹಿರಿದೆಂದರೆ ಅತಿಶಯೋಕ್ತಿಯಾಗಲಾರದು.

ಮನೆಯ ಹೊರಗಾದರೋ ಆ ಪ್ರಶ್ನೆ ಕಾದೇ ಇತ್ತು. 1933ರಲ್ಲಿ ಕಮಲಾ ಭಾಗವತರು ಬೆಂಗಳೂರಿನ ವಿಜ್ಞಾನಮಂದಿರದ ಬಾಗಿಲನ್ನು ತಟ್ಟಿದಾಗ, ಹೆಂಗಸೆಂಬ ಕಾರಣದಿಂದಲೇ ಪ್ರವೇಶ ದೊರೆಯಲಿಲ್ಲ. ಅವರು ಹಟಹಿಡಿದ ಮೇಲೆ ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡರು. ಆಕೆ 1939ರಲ್ಲಿ ಕೇಂಬ್ರಿಜ್ಜಿನ ಡಾಕ್ಟರ್ ಪದವಿಯನ್ನು ಪಡೆದರು. ಅವರು ತೆರೆಸಿದ ಆ ಬಾಗಿಲಿನಿಂದಲೇ ರಾಜೇಶ್ವರಿಯವರು 1943ರಲ್ಲಿ ಒಳಹೊಕ್ಕರು.

ಇನ್ನೊಂದು ಕೈ ಬಹುದೂರದ್ದು. ಲೀವೈ ಬಾರ್ಬರ್ ಎಂಬ ಅಮೆರಿಕಾದ ನ್ಯಾಯವಾದಿ ಚೀನಾ, ಜಪಾನುಗಳಲ್ಲಿ ಸಂಚರಿಸುವಾಗ, ಮಿಶಿಗನ್ನಿನಲ್ಲಿ ಕಲಿತುಬಂದು ಸ್ವದೇಶದಲ್ಲಿ ವೈದ್ಯಸೇವೆ ಮಾಡುತ್ತಿದ್ದ ಮಹಿಳೆಯರನ್ನು ಕಂಡರು. 1917ರಲ್ಲಿ ಏಷ್ಯಾದ ವಿದ್ಯಾರ್ಥಿನಿಯರಿಗೆಂದೇ ಒಂದು ವೇತನನಿಧಿಯನ್ನು ಸ್ಥಾಪಿಸಿದರು. ದಾತಾರನ ಔದಾರ್ಯವನ್ನು ಕೊಂಡಾಡುವವರು, ಅವನ ಮನಸ್ಸನ್ನು ತಿರುಗಿಸಿದ ಆ ವೈದ್ಯೆಯರನ್ನು ಮರೆಯುವುದು ನ್ಯಾಯವಲ್ಲ. ತಲಚೇರಿಯ ಜಾನಕಿ ಅಮ್ಮಾಳರು ಇದೇ ನಿಧಿಯ ನೆರವಿನಿಂದ ಓದಿ, 1931ರಲ್ಲಿ ಸಸ್ಯಶಾಸ್ತ್ರದ ಡಾಕ್ಟರಾದರು. ಸರ್ಕಾರದ ವೇತನದಿಂದ ಹೊರಟಿದ್ದ ರಾಜೇಶ್ವರಿಯವರಿಗೂ 1949ರಲ್ಲಿ ಬಾರ್ಬರ್ ವೇತನ ದೊರೆತು, ಓದು ಮುಂದುವರಿಯಿತು.

1953ರಲ್ಲಿ ಡಾಕ್ಟರ್ ಪದವಿಯೊಡನೆ ಮರಳಿದ ಅವರು ವಿಜ್ಞಾನಮಂದಿರದಲ್ಲಿ ಅಧ್ಯಾಪಕಿಯಾದರು. ಸಹೋದ್ಯೋಗಿ ಶಿಶಿರಕುಮಾರ ಚಟರ್ಜಿಯವರ ಕೈಹಿಡಿದು, ಪತಿಯೊಡನೆ ಸೂಕ್ಷ್ಮತರಂಗಗಳ ಪ್ರಯೋಗಶಾಲೆಯನ್ನು ಕಟ್ಟಿದರು. ಇಪ್ಪತ್ತು ಮಂದಿ ಶಿಷ್ಯರು ಅವರ ಮಾರ್ಗದರ್ಶನದಲ್ಲಿ ಡಾಕ್ಟರ್ ಪದವಿಯನ್ನು ಪಡೆದರು.